ಕೆಲಸ ಏನು ಅಂತ ಗೊತ್ತಿದೆ, ಶುರು ಮಾಡಲು ಮನಸ್ಸೇ ಬರುತ್ತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ವರದೆಯ ಕಡೆಯವಳು · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು.

ಅಪ್ಪ ತೀರಿಕೊಂಡು 14 ತಿಂಗಳಾಯಿತು. ಸಾಗರದ ಹತ್ತಿರ ನಮಗೆ ಎರಡು ಎಕರೆ ಅಡಿಕೆ ತೋಟ ಇದೆ, ಸ್ವಲ್ಪ ಗದ್ದೆ ಇದೆ. ಎಲ್ಲವೂ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಮಾಡಿಸಬೇಕು. ತಮ್ಮ ಪುಣೆಯಲ್ಲಿದ್ದಾನೆ. ಕಾಗದ ಪತ್ರದ ಕೆಲಸ ಅಕ್ಕನಿಗೆ ಗೊತ್ತು ಅಂತ ನನಗೆ ಬಿಟ್ಟಿದ್ದಾನೆ. ಅದರಲ್ಲಿ ತಪ್ಪೇನಿಲ್ಲ. ನಾನು ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ಹತ್ತಾರು ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ಯಾರದ್ದನ್ನೂ ಒಂದು ದಿನ ತಡ ಮಾಡಿಲ್ಲ.

ಅಪ್ಪನ ಕಾಗದಗಳೆಲ್ಲ ಒಂದು ಕಂದು ರೆಕ್ಸಿನ್ ಚೀಲದಲ್ಲಿವೆ. ಊರಿಂದ ತಂದು ಬೀರುವಿನ ಮೇಲೆ ಇಟ್ಟಿದ್ದೇನೆ. ಪ್ರತಿ ಭಾನುವಾರ ಇವತ್ತು ತೆಗೆಯೋಣ ಅಂದುಕೊಳ್ಳುತ್ತೇನೆ. ಎರಡು ಸಲ ಕುರ್ಚಿ ಎಳೆದು ಹತ್ತಿದ್ದೂ ಇದೆ. ಚೀಲದ ಮೇಲಿನ ಧೂಳು ಒರೆಸಿ ಹಾಗೇ ಇಳಿದೆ. ಇಳಿದವಳು ಅಡುಗೆ ಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆದೆ. ಇವತ್ತೂ ಅದೇ ಆಯಿತು.

ಬೆಳೆ ಸಾಲಕ್ಕೆ ಅಮ್ಮನ ಹೆಸರು ಪಹಣಿಯಲ್ಲಿ ಬರಬೇಕು. ಅಮ್ಮ ಫೋನಿನಲ್ಲಿ ಈಗ ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದಾರೆ. ನನಗೆ ಬೇಜಾರಾಗುತ್ತದೆ ಅಂತ. ಅದೇ ನನಗೆ ಜಾಸ್ತಿ ಚುಚ್ಚುತ್ತಿದೆ.

ಈ ಮೋಟಿವೇಷನ್ ಅನ್ನುವುದು ಎಲ್ಲಿಂದ ಬರುತ್ತದೆ? ಬರುವವರೆಗೂ ಕಾಯಬೇಕಾ?

ಕೀಲಿಮಣೆ · 9:58

ಮೇಡಂ, ನನಗೂ ಹೀಗೇ ಆಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಹತ್ತು ನಿಮಿಷ ಒಳ್ಳೆಯ ಮೋಟಿವೇಷನ್ ವಿಡಿಯೊ ನೋಡಿ. ಮೈಯಲ್ಲಿ ಕರೆಂಟ್ ಹರಿದ ಹಾಗೆ ಆಗುತ್ತದೆ. ಆ ಹುಮ್ಮಸ್ಸಿನಲ್ಲೇ ಚೀಲ ಕೆಳಗಿಳಿಸಿ. 21 ದಿನ ಹೀಗೆ ಮಾಡಿದರೆ ಯಾವ ಕೆಲಸವಾದರೂ ಅಭ್ಯಾಸ ಆಗಿಬಿಡುತ್ತದೆ.

ಸಪ್ತಾಪುರ ಮೂರನೇ ವರ್ಷ · 10:15

ಕೀಲಿಮಣೆ ಅವರೇ, ಇದನ್ನು ನಾನು ಒಪ್ಪುವುದಿಲ್ಲ.

ಧಾರವಾಡದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸಪ್ತಾಪುರದ ತುಂಬ ನಮ್ಮಂಥವರೇ. ಮೊದಲ ವರ್ಷ ನಾನು ನೋಡದ ಮೋಟಿವೇಷನ್ ವಿಡಿಯೊ ಇಲ್ಲ. ಹೊಲ ಮಾರಿ ಓದಿಸಿದ ಅಪ್ಪ, ಬೀದಿ ದೀಪದ ಕೆಳಗೆ ಓದಿದ ಮಗ, ಹಿಂದೆ ಒಂದು ಸಂಗೀತ. ನೋಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಮುಗಿಯುವ ಹೊತ್ತಿಗೆ ನಾನೇ ಏನೋ ಸಾಧಿಸಿದಷ್ಟು ಸಮಾಧಾನ. ಪುಸ್ತಕ ಮಾತ್ರ ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತಿತ್ತು. ಆ ಕರೆಂಟ್ ವಿಡಿಯೊದ ಜೊತೆಗೇ ಹೋಗಿಬಿಡುತ್ತದೆ ಅಣ್ಣ.

ಈಗ ನಾನು ಮಾಡುವುದು ಇಷ್ಟೇ. ಬೆಳಿಗ್ಗೆ ಆರಕ್ಕೆ "ಓದಬೇಕು" ಅಂತ ಯೋಚನೆಯನ್ನೇ ಮಾಡುವುದಿಲ್ಲ. ಚಪ್ಪಲಿ ಹಾಕುತ್ತೇನೆ. ಚೀಲ ರಾತ್ರಿಯೇ ತುಂಬಿಸಿ ಬಾಗಿಲ ಪಕ್ಕ ಇಟ್ಟಿರುತ್ತೇನೆ. ಚಪ್ಪಲಿ ಹಾಕಿದ ಮೇಲೆ ಮತ್ತೆ ಬಿಚ್ಚಿ ಮಲಗುವುದು ಕಷ್ಟ. ಲೈಬ್ರರಿಯಲ್ಲಿ ಕೂತ ಮೇಲೆ ಎದುರಿಗಿದ್ದವನು ಪುಟ ತಿರುಗಿಸುವ ಸದ್ದಿಗೇ ನಮ್ಮ ಪುಸ್ತಕವೂ ತೆರೆದುಕೊಳ್ಳುತ್ತದೆ. ಫೋನ್ ರೂಮಿನ ಟ್ರಂಕಿನಲ್ಲಿ ಇರುತ್ತದೆ.

ನಿವೃತ್ತ ಮೇಷ್ಟ್ರು, ಅರಕಲಗೂಡು · 10:31

ತಾಯಿ, ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮನಸ್ಸಿದ್ದರೆ ಮಾರ್ಗ. 34 ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ನಾಳೆ ಅಂದವರು ನಾಳೆಯೂ ನಾಳೆ ಅಂದಿದ್ದನ್ನೇ ನೋಡಿದ್ದೇನೆ. ಮನಸ್ಸಿಗೆ ಸಲಿಗೆ ಕೊಡಬಾರದು. ಬರುವ ಭಾನುವಾರ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಚೀಲ ಇಳಿಸಿ ಕೂತುಬಿಡಿ. ಮುಗಿಯುವವರೆಗೂ ಏಳಬೇಡಿ.

ಹೊಲಿಗೆಮನೆ, ದಾವಣಗೆರೆ · 10:44

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಬೇರೆಯವರ ಒಂದು ಕಾಗದವನ್ನೂ ತಡ ಮಾಡದ ಹೆಣ್ಣುಮಗಳು ಸೋಮಾರಿ ಹೇಗಾಗುತ್ತಾಳೆ? ಮನಸ್ಸಿಲ್ಲದವಳು ಎರಡು ಸಲ ಕುರ್ಚಿ ಹತ್ತುತ್ತಾಳಾ? ಮನಸ್ಸಿದೆ. ಕಾಲು ಎಲ್ಲೋ ಸಿಕ್ಕಿಕೊಂಡಿದೆ.

ನಾನು ಬ್ಲೌಸ್ ಹೊಲಿಯುವವಳು. ಮದುವೆ ಸೀಸನ್‌ನಲ್ಲಿ ದಿನಕ್ಕೆ ಆರು ಏಳು ಬ್ಲೌಸ್. ನನಗೂ ಬೆಳಿಗ್ಗೆ ಮೆಷಿನ್ ಹತ್ತಿರ ಹೋಗಲು ಬೇಡ ಅನ್ನಿಸುವ ದಿನ ಬೇಕಾದಷ್ಟಿವೆ. ಹಿಂದೆ ರಾತ್ರಿ ಒಂದು ಬ್ಲೌಸ್ ಪೂರ್ತಿ ಮುಗಿಸಿ, ಟೇಬಲ್ ಕ್ಲೀನ್ ಮಾಡಿ, ಮೆಷಿನ್‌ಗೆ ಬಟ್ಟೆ ಹೊದಿಸಿ ಮಲಗುತ್ತಿದ್ದೆ. ಬೆಳಿಗ್ಗೆ ಆ ಖಾಲಿ ಟೇಬಲ್ ನೋಡಿದರೆ ಬೆಟ್ಟ ಹತ್ತಿದ ಹಾಗೆ ಅನ್ನಿಸುತ್ತಿತ್ತು. ಈಗ ಹಾಗೆ ಮುಗಿಸುವುದೇ ಇಲ್ಲ. ಒಂದು ತೋಳಿನ ಹೊಲಿಗೆ ಅರ್ಧಕ್ಕೆ ಬಿಡುತ್ತೇನೆ. ಸೂಜಿ ಬಟ್ಟೆಯೊಳಗೇ ಇಳಿದಿರುತ್ತದೆ, ದಾರ ಪೋಣಿಸಿಯೇ ಇರುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಾಗೇ ಹೋಗಿ ಆ ಅರ್ಧ ತೋಳು ಮುಗಿಸೋಣ ಅಂತ ಕೂರುತ್ತೇನೆ. ಎರಡು ನಿಮಿಷದ ಕೆಲಸ. ಅದು ಮುಗಿಯುವಷ್ಟರಲ್ಲಿ ಕೈ ಇನ್ನೊಂದು ತೋಳು ಎತ್ತಿಕೊಂಡಿರುತ್ತದೆ.

ತಂಗಿ, ಚೀಲದ ಕೆಲಸವನ್ನು "ಖಾತೆ ಮಾಡಿಸುವುದು" ಅಂತ ನೋಡಬೇಡ. ಅದರಲ್ಲಿ ಅರ್ಧ ತೋಳು ಯಾವುದು ಅಂತ ನೋಡು.

ಮಾನಸಗಂಗೋತ್ರಿ ಹಳಬ · 11:05

ಹೊಲಿಗೆಮನೆ ಅವರು ಹೇಳಿದ್ದು ತುಂಬ ಸರಿ. ಶುರು ಮಾಡಿ ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸನ್ನು ಎಳೆಯುತ್ತಿರುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ ಎಂಬ ಮಹಿಳೆ 1920ರ ದಶಕದಲ್ಲೇ ಬರ್ಲಿನ್‌ನಲ್ಲಿ ಪ್ರಯೋಗ ಮಾಡಿ ಬರೆದಿದ್ದರು. ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತಿದ್ದು ಜಾಸ್ತಿ ನೆನಪಿರುತ್ತದೆ ಅನ್ನುವುದು ಆಕೆ ಕಂಡದ್ದು. ಆಮೇಲೆ ಅದೇ ಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲ ಸಿಕ್ಕಿಲ್ಲ. ಆದರೂ ಸೂಜಿ ಬಟ್ಟೆಯಲ್ಲೇ ಬಿಡುವ ಉಪಾಯ ನನಗೆ ಹಿಡಿಸಿತು.

ಕೀಲಿಮಣೆ ಅವರ 21 ದಿನದ ಲೆಕ್ಕ ಮಾತ್ರ ಸರಿಯಿಲ್ಲ. ಅದು ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಹೇಳಿದ ಮಾತು. ಮುಖದ ಆಪರೇಷನ್ ಆದವರಿಗೆ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ 21 ದಿನ ಬೇಕು ಅಂದಿದ್ದರು. ಅದೇ ಬಾಯಿಂದ ಬಾಯಿಗೆ ಹೋಗಿ ಎಲ್ಲ ಅಭ್ಯಾಸಕ್ಕೂ 21 ದಿನ ಸಾಕು ಅಂತಾಯಿತು. ಲಂಡನ್‌ನ ಯುನಿವರ್ಸಿಟಿ ಕಾಲೇಜಿನವರು 96 ಜನರನ್ನು ಹಿಡಿದು ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬಂತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಆಗಬಹುದು ಅನ್ನುವ ಲೆಕ್ಕ. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗಲಿಲ್ಲ.

ಅದೂ ಅಲ್ಲದೆ ಇಲ್ಲಿರುವುದು ಅಭ್ಯಾಸದ ಪ್ರಶ್ನೆಯೇ ಅಲ್ವಲ್ಲ. ಪೌತಿ ಖಾತೆಯನ್ನು ದಿನಾ ಮಾಡಿಸುವುದಿಲ್ಲ.

ಕೀಲಿಮಣೆ · 11:12

ಸರಿ ಸರ್, 21 ದಿನದ ಮಾತು ವಾಪಸ್ ತೆಗೆದುಕೊಂಡೆ. ಆದರೆ ಡೋಪಮಿನ್ ಅನ್ನುವ ಮಿದುಳಿನ ರಾಸಾಯನಿಕದ ವಿಷಯ ನಿಜ ಅಲ್ವಾ? ಫೋನಿನಿಂದ ಸುಲಭದ ಖುಷಿ ಸಿಗುತ್ತಿದ್ದರೆ ಕಷ್ಟದ ಕೆಲಸ ಯಾರಿಗೆ ಬೇಕು? ಒಂದು ವಾರ ಫೋನ್ ಬಿಟ್ಟರೆ ತಾನೇ ಸರಿಹೋಗುತ್ತದೆ.

ಮಾನಸಗಂಗೋತ್ರಿ ಹಳಬ · 11:30

ಫೋನ್ ಬಿಟ್ಟರೆ ಒಳ್ಳೆಯದೇ, ಸಮಯ ಉಳಿಯುತ್ತದೆ. ಆದರೆ ಡೋಪಮಿನ್ ಅಂದರೆ ಖುಷಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅಲ್ಲಿ ಎಡವಟ್ಟಿದೆ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಜೊತೆಯವರು ಇಲಿಗಳ ಮೇಲೆ ಮಾಡಿದ ಕೆಲಸ ಕೇಳಿ. ಮಿದುಳಿನಲ್ಲಿ ಡೋಪಮಿನ್ ಹೆಚ್ಚುಕಡಿಮೆ ಪೂರ್ತಿ ಇಲ್ಲದ ಹಾಗೆ ಮಾಡಿದ ಇಲಿ ಪಕ್ಕದಲ್ಲೇ ಆಹಾರ ಇದ್ದರೂ ತಾನಾಗಿ ಹೋಗಿ ತಿನ್ನುವುದಿಲ್ಲ. ಹಾಗೇ ಬಿಟ್ಟರೆ ಹಸಿದು ಸಾಯುತ್ತದೆ. ಆದರೆ ಸಕ್ಕರೆ ನೀರನ್ನು ಅದರ ಬಾಯಿಗೆ ಬಿಟ್ಟರೆ ಮಾಮೂಲಿ ಇಲಿಯ ಹಾಗೇ ತುಟಿ ಸವರಿಕೊಳ್ಳುತ್ತದೆ. ರುಚಿ ಹಿಡಿಸಿದೆ. ಎದ್ದು ಹೋಗಿ ತಿನ್ನುವ ಸೆಳೆತ ಮಾತ್ರ ಇಲ್ಲ.

ಬೇಕು ಅನ್ನಿಸುವುದು ಬೇರೆ, ಸಿಕ್ಕಾಗ ಹಿತ ಅನ್ನಿಸುವುದು ಬೇರೆ. ಎರಡಕ್ಕೂ ಮಿದುಳಿನ ದಾರಿ ಬೇರೆ ಬೇರೆ. ಅದಕ್ಕೇ ಮನಸ್ಸಿಲ್ಲದೆ ವಾಕಿಂಗ್‌ಗೆ ಹೊರಟವರು ವಾಪಸ್ ಬರುವಾಗ ಚೆನ್ನಾಗಿತ್ತು ಅನ್ನುತ್ತಾರೆ. ಹೊರಡುವ ಮೊದಲು ಆ ಸೆಳೆತ ಇಲ್ಲ ಅಂದಮಾತ್ರಕ್ಕೆ ಕೆಲಸ ನಿಮಗೆ ಒಗ್ಗುವುದಿಲ್ಲ ಅಂತ ಅರ್ಥ ಅಲ್ಲ.

ತಟ್ಟೆ ಇಡ್ಲಿ · 11:41

ಅಂದರೆ ನಮ್ಮ ಮಾವನ ಹಳೇ ಬಜಾಜ್ ಸ್ಕೂಟರ್ ಇದ್ದ ಹಾಗೆ. ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಓರೆ ಮಾಡಿ ಮಲಗಿಸಿದ ಹಾಗೆ ಮಾಡಿ, ಎತ್ತಿ ನಿಲ್ಲಿಸಿ ಕಿಕ್ ಹೊಡೆದರೆ ಸ್ಟಾರ್ಟ್. ಆಮೇಲೆ ತುಮಕೂರಿಗೆ ಹೋಗಿ ಬಂದರೂ ನಿಲ್ಲುತ್ತಿರಲಿಲ್ಲ.

ಕ್ಲಚ್ ವೈರ್ · 11:46

ಓರೆ ಮಾಡುವುದು ಪೆಟ್ರೋಲ್ ಸರಿಯಾಗಿ ಬರಲಿಲ್ಲ ಅಂದಾಗ. ಚಳಿಗೆ ಚೋಕ್ ಎಳೆಯಬೇಕಿತ್ತು. ಎರಡನ್ನೂ ಒಂದೇ ಮಾಡಬೇಡಿ.

ತಟ್ಟೆ ಇಡ್ಲಿ · 11:49

ಚೋಕ್ ಎಳೆದೇ ಓರೆ ಮಾಡುತ್ತಿದ್ದರು. ಕಣ್ಣಾರೆ ನೋಡಿದ್ದೇನೆ. ದಿನಾ ಹಿಂದೆ ಕೂತು ಶಾಲೆಗೆ ಹೋಗುತ್ತಿದ್ದವನು ನಾನು.

ಕ್ಲಚ್ ವೈರ್ · 11:52

ಹಾಗಾದರೆ ಪ್ಲಗ್ ಕ್ಲೀನ್ ಮಾಡಿಸಬೇಕಿತ್ತು. ಗ್ಯಾರೇಜ್‌ನಲ್ಲಿ 19 ವರ್ಷ ಕೆಲಸ ಮಾಡಿದ್ದೇನೆ. ಸ್ಟಾರ್ಟ್ ಆಗದ ಗಾಡಿ ಬಂದರೆ ಮೊದಲು ಎಲ್ಲಿ ತಡೆದಿದೆ ಅಂತ ನೋಡುತ್ತೇವೆ. ಪೆಟ್ರೋಲಾ, ಕರೆಂಟಾ, ಗಾಳಿಯಾ. ಅದನ್ನು ನೋಡದೆ ಕಿಕ್ ಹೊಡೆಯುತ್ತಾ ಹೋದರೆ ಕಾಲು ನೋಯುತ್ತದೆ ಅಷ್ಟೇ. ಮೇಡಂ ಅವರಿಗೂ ಅದನ್ನೇ ಹೇಳುವುದು. ಎಲ್ಲಿ ತಡೆದಿದೆ ಅಂತ ಮೊದಲು ನೋಡಿ.

ನೇತ್ರಾವತಿ ದಡ · ಸೋಮವಾರ ಬೆಳಿಗ್ಗೆ 6:20

ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನರ್ಸ್. ಕ್ಲಚ್ ವೈರ್ ಅವರು ಕೇಳಿದ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ.

ಅಕ್ಕ, ಮೊದಲು ಇದು ಹೇಳಿ. ಈ ಚೀಲದ ಕೆಲಸ ಒಂದೇ ಆಗುತ್ತಿಲ್ಲವೋ, ಎಲ್ಲವೂ ಹಾಗೇ ಆಗಿದೆಯೋ? ಊಟ, ನಿದ್ದೆ, ಗೆಳತಿಯರ ಜೊತೆ ಮಾತು, ಇಷ್ಟದ ಸೀರಿಯಲ್ಲು, ಯಾವುದರಲ್ಲೂ ಎರಡು ವಾರದಿಂದ ರುಚಿ ಇಲ್ಲ ಅಂದರೆ ಅದು ಬೇರೆ ವಿಷಯ. ಆಗ ಡಾಕ್ಟರಿಗೆ ತೋರಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದಿನವಿಡೀ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದದ್ದು.

ಖಿನ್ನತೆಗೆ ಕೊಡುವ ಒಂದು ಚಿಕಿತ್ಸೆ ಈ ಚರ್ಚೆಗೆ ತುಂಬ ಹತ್ತಿರ ಇದೆ. ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ ಮಾಡೋಣ ಅಂತ ಕಾಯಿಸುವುದಿಲ್ಲ. ಮೊದಲು ಸಣ್ಣ ಕೆಲಸ ಮಾಡಿಸುತ್ತಾರೆ. ಹೂವಿನ ಗಿಡಕ್ಕೆ ನೀರು ಹಾಕುವುದು, ಪಕ್ಕದ ಮನೆಯವರೆಗೆ ಹೋಗಿ ಬರುವುದು. ಕೆಲಸದ ಹಿಂದೆ ಮನಸ್ಸು ನಿಧಾನಕ್ಕೆ ಬರುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯವರು ಇದನ್ನು ಡಾಕ್ಟರುಗಳ ಕೈಯಲ್ಲಿ ಅಲ್ಲ, ತರಬೇತಿ ಕೊಟ್ಟ ಮಾಮೂಲಿ ಜನರ ಕೈಯಲ್ಲೇ ಮಾಡಿಸಿ ನೋಡಿದರು. ಆರರಿಂದ ಎಂಟು ಸಲ ಕೂತು ಮಾತಾಡುವುದು ಅಷ್ಟೇ. ತುಂಬ ಜನಕ್ಕೆ ಗುಣ ಕಂಡಿತು. 2017ರಲ್ಲಿ ಅದರ ವರದಿ ಬಂತು. ನಮ್ಮ ವಾರ್ಡಿನಲ್ಲಿ ಮೂರು ದಿನ ಹಾಸಿಗೆ ಬಿಟ್ಟು ಏಳದ ಒಬ್ಬ ಅಜ್ಜಿಯನ್ನು ನಾವು ಮಲ್ಲಿಗೆ ಕಟ್ಟಲು ಕೂರಿಸಿದೆವು. ಮೊದಲ ದಿನ ನಾಲ್ಕು ಮೊಗ್ಗು ಕಟ್ಟಿ ಬಿಟ್ಟರು. ಮರುದಿನ ಒಂದು ಗೇಣು. ಆಮೇಲೆ "ನಿಮಗೆ ಗಂಟು ಹಾಕಲು ಬರುವುದಿಲ್ಲ" ಅಂತ ನನ್ನನ್ನು ಬೈದರು. ಅವತ್ತು ನಾವೆಲ್ಲ ತುಂಬ ಖುಷಿಪಟ್ಟೆವು.

ವರದೆಯ ಕಡೆಯವಳು · 8:05

ಇಷ್ಟು ಜನ ಬರೆದಿದ್ದೀರಿ. ಬೆಳಿಗ್ಗೆ ಬಸ್ಸಿನಲ್ಲಿ ಓದುತ್ತಾ ಕಣ್ಣು ತುಂಬಿ ಬಂತು.

ನೇತ್ರಾವತಿ ದಡ ಅವರಿಗೆ: ಉಳಿದದ್ದೆಲ್ಲ ಸರಿ ಇದೆ. ಊಟ, ನಿದ್ದೆ, ನಗು ಎಲ್ಲ ಇದೆ. ಈ ಚೀಲ ಒಂದೇ.

ಕ್ಲಚ್ ವೈರ್ ಅವರ ಪ್ರಶ್ನೆಯನ್ನು ರಾತ್ರಿ ಯೋಚಿಸಿದೆ. ಎಲ್ಲಿ ತಡೆದಿದೆ? ಜಿಪ್ ಹತ್ತಿರ. ಒಂದು ಸಲ ಅರ್ಧ ಎಳೆದಿದ್ದೆ. ನಿನ್ನೆ ಅದನ್ನು ಬರೆದಿರಲಿಲ್ಲ. ಕಾಗದಗಳ ಮೇಲೇ ಅಪ್ಪನ ಕವಳದ ಸಂಚಿ ಇತ್ತು. ಒಣಗಿದ ಹೊಗೆಸೊಪ್ಪು, ಅಡಿಕೆ, ಸುಣ್ಣದ ವಾಸನೆ ಒಟ್ಟಿಗೇ ಬಂತು. ಒಂದು ಲಕೋಟೆಯ ಮೇಲೆ ಅಪ್ಪನ ಅಕ್ಷರದಲ್ಲಿ "ತೋಟದ್ದು, ಜೋಪಾನ" ಅಂತ ಇತ್ತು. ಜಿಪ್ ಹಾಕಿಬಿಟ್ಟೆ. ಪಹಣಿಯಲ್ಲಿ ಅಪ್ಪನ ಹೆಸರು ಹೋಗಿ ನಮ್ಮ ಹೆಸರು ಬಂದರೆ ಅಪ್ಪ ನಿಜಕ್ಕೂ ಹೋದ ಹಾಗೆ. ಅದಕ್ಕೆ ನಾನೇ ಅರ್ಜಿ ಹಾಕಬೇಕು. ನನಗೆ ಆಗದೆ ಇರುವುದು ಅದು ಅನ್ನಿಸುತ್ತದೆ.

ಹೊಲಿಗೆಮನೆ, ದಾವಣಗೆರೆ · 8:19

ಅಯ್ಯೋ ತಂಗಿ. ಈಗ ಗೊತ್ತಾಯಿತು ನೋಡು.

ನಿವೃತ್ತ ಮೇಷ್ಟ್ರು, ಅರಕಲಗೂಡು · 8:52

ತಾಯಿ, ರಾತ್ರಿ ನಾನು ಬರೆದದ್ದು ಗಡಸಾಯಿತು. ಕ್ಷಮಿಸಿ. ದುಃಖವನ್ನು ಸೋಮಾರಿತನ ಅಂತ ಓದಿಕೊಂಡೆ. 34 ವರ್ಷದಲ್ಲಿ ಇನ್ನೆಷ್ಟು ಮಕ್ಕಳನ್ನು ಹೀಗೆ ತಪ್ಪಾಗಿ ಓದಿದ್ದೇನೋ ಅಂತ ಬೆಳಿಗ್ಗೆಯಿಂದ ಅದೇ ಯೋಚನೆ.

ಒಂದು ನೆನಪಾಯಿತು. ಮನೆಪಾಠ ಬರೆಯದೆ ಬರುವ ಹುಡುಗರಿಗೆ ಬೈದು, ಹೊಡೆದು, ಏನೂ ಪ್ರಯೋಜನ ಆಗಿರಲಿಲ್ಲ. ಆಮೇಲೆ ಒಂದು ಕ್ರಮ ಮಾಡಿದೆ. ಕೊನೆಯ ಗಂಟೆ ಹೊಡೆಯುವ ಐದು ನಿಮಿಷ ಮೊದಲು ಎಲ್ಲರೂ ನೋಟ್ ಪುಸ್ತಕ ತೆಗೆದು ತಾರೀಖು, ಪಾಠದ ಹೆಸರು, ಮೊದಲ ಲೆಕ್ಕದ ಮೊದಲ ಸಾಲು ಬರೆದುಕೊಂಡು ಹೋಗಬೇಕು. ಅಷ್ಟೇ. ಬರೆಯದೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಮನೆಯಲ್ಲಿ ಪುಸ್ತಕ ತೆರೆದರೆ ಖಾಲಿ ಹಾಳೆ ಕಾಣುತ್ತಿರಲಿಲ್ಲವಲ್ಲ. ಹೊಲಿಗೆಮನೆಯ ತಾಯಿ ಸೂಜಿ ಬಿಡುವುದೂ ಇದೇ.

ಆದರೂ ಒಂದು ಮಾತು ಬಿಡುವುದಿಲ್ಲ. ದುಃಖ ಇಲ್ಲದ ಕಡೆ, ಬರೀ ಬೇಸರ ಇರುವ ಕಡೆ, ಶಿಸ್ತು ಬೇಕೇ ಬೇಕು. ಹೊತ್ತಿಗೆ ಸರಿಯಾಗಿ ಕೂರುವ ಅಭ್ಯಾಸ ಇಲ್ಲದೆ ಯಾವ ಉಪಾಯವೂ ನಿಲ್ಲುವುದಿಲ್ಲ.

ಅಡಿಕೆಗೊನೆ · 9:30

ನಾನು ಸಿರಸಿ ಕಡೆಯವನು. ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪ ತೀರಿಕೊಂಡಾಗ ಇದೇ ಕೆಲಸ ನಾನೇ ಓಡಾಡಿ ಮಾಡಿಸಿದ್ದು. ಎಲ್ಲರೂ ಚೀಲ ಹೇಗೆ ತೆಗೆಯುವುದು ಅಂತ ಹೇಳುತ್ತಿದ್ದೀರಿ. ನಾನು ಬೇರೆ ಕೇಳುತ್ತೇನೆ. ಚೀಲ ಯಾಕೆ ತೆಗೆಯಬೇಕು?

ತಂಗಿ, ಒಂದೊಂದೇ ನೋಡು. ಪಹಣಿ ಚೀಲದಲ್ಲಿ ಇರುವುದೇ ಬೇಕಂತಿಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಹಾಕಿ ಫೋನಿನಲ್ಲೇ ನೋಡಬಹುದು. ಸರ್ವೆ ನಂಬರ್ ಅಮ್ಮನಿಗೆ ಬಾಯಿಗೇ ಬರುತ್ತಿರಬೇಕು, ನಮ್ಮ ಕಡೆ ಹೆಂಗಸರಿಗೆ ಬರುತ್ತದೆ. ಮರಣ ಪ್ರಮಾಣಪತ್ರ ನೋಂದಣಿ ಆದ ಕಡೆ ಇನ್ನೊಂದು ಪ್ರತಿ ಕೊಡುತ್ತಾರೆ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಹೊಸದಾಗೇ ಅರ್ಜಿ ಹಾಕಬೇಕು, ಅದು ಚೀಲದಲ್ಲಿ ಇರಲು ಸಾಧ್ಯವೇ ಇಲ್ಲ. ಆಧಾರ್ ನಿಮ್ಮ ನಿಮ್ಮ ಹತ್ತಿರ ಇದೆ. ಹಳೇ ಪತ್ರ ಏನಾದರೂ ಬೇಕು ಅಂದರೆ ಆಗ ನೋಡೋಣ.

ಚೀಲ ಇರುವಲ್ಲೇ ಇರಲಿ. ನಿನಗೆ ತೆಗೆಯಬೇಕು ಅನ್ನಿಸಿದ ದಿನ ತೆಗೆ. ಹತ್ತು ವರ್ಷ ಆದರೂ ಪರವಾಗಿಲ್ಲ.

ಸಪ್ತಾಪುರ ಮೂರನೇ ವರ್ಷ · 9:37

ಅಡಿಕೆಗೊನೆ ಅಣ್ಣ, ನಮಸ್ಕಾರ ನಿಮಗೆ. ನಾವೆಲ್ಲ ಬಾಗಿಲು ಒದೆಯುವುದು ಹೇಗೆ ಅಂತ ಹೇಳುತ್ತಿದ್ದೆವು. ನೀವು ಹಿತ್ತಲ ಬಾಗಿಲು ತೋರಿಸಿದಿರಿ.

ಗುಬ್ಬಿಗೂಡು · 11:15

ಒಂದೊಂದು ಹೆಜ್ಜೆ ಮುಗಿದಾಗಲೂ ನಿಮಗೆ ನೀವೇ ಬಹುಮಾನ ಕೊಟ್ಟುಕೊಳ್ಳಿ. ನನ್ನ ಮಗನಿಗೆ ಒಂದು ಪುಟ ಓದಿದರೆ ಒಂದು ಚಾಕೊಲೇಟ್ ಅಂತ ಮಾಡಿದ್ದೇನೆ. ಚೆನ್ನಾಗಿ ನಡೆಯುತ್ತಿದೆ.

ಮಾನಸಗಂಗೋತ್ರಿ ಹಳಬ · 11:40

ಗುಬ್ಬಿಗೂಡು ಅವರೇ, ಮಗನಿಗೆ ಓದುವುದು ಮೊದಲೇ ಇಷ್ಟವಿತ್ತಾ? ಇತ್ತು ಅಂದರೆ ಸ್ವಲ್ಪ ಹುಷಾರು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅಮೆರಿಕದ ಒಂದು ಶಿಶುವಿಹಾರದ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸುವುದು ಇಷ್ಟ ಇದ್ದ ಮಕ್ಕಳನ್ನೇ ಆರಿಸಿದ್ದರು. ಕೆಲವರಿಗೆ ಚಿತ್ರ ಬಿಡಿಸಿದರೆ ರಿಬ್ಬನ್, ಚಿನ್ನದ ಬಣ್ಣದ ನಕ್ಷತ್ರ ಇರುವ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ನೋಡಿದರೆ, ಪ್ರಶಸ್ತಿಯ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅದನ್ನು ಮುಟ್ಟಿದರು. ಹೇಳದೆ ಕೇಳದೆ ಪ್ರಶಸ್ತಿ ಸಿಕ್ಕ ಮಕ್ಕಳಿಗೆ ಹಾಗೆ ಆಗಲಿಲ್ಲ. ಆಟ ಆಗಿದ್ದದ್ದು ಕೂಲಿ ಆಗಿಬಿಟ್ಟಿತು.

ಇಷ್ಟವೇ ಇಲ್ಲದ ಕೆಲಸಕ್ಕೆ, ಪಾತ್ರೆ ತೊಳೆಯುವುದಕ್ಕೆ, ಫಾರಂ ತುಂಬುವುದಕ್ಕೆ ಬಹುಮಾನ ಇಟ್ಟುಕೊಂಡರೆ ತೊಂದರೆ ಇಲ್ಲ.

ಗುಬ್ಬಿಗೂಡು · 11:48

ಹೌದಾ! ಅವನಿಗೆ ಕತೆ ಪುಸ್ತಕ ಅಂದರೆ ಮೊದಲಿಂದಲೂ ಪ್ರಾಣ. ಇವತ್ತಿಂದ ಚಾಕೊಲೇಟನ್ನು ಹಲ್ಲುಜ್ಜಿದ್ದಕ್ಕೆ ಕೊಡಬೇಕಾ ಹಾಗಾದರೆ?

ನೇತ್ರಾವತಿ ದಡ · 11:55

ಹಲ್ಲುಜ್ಜಿದ್ದಕ್ಕೆ ಚಾಕೊಲೇಟ್ ಬೇಡವೇ ಬೇಡ! ನಕ್ಷತ್ರದ ಸ್ಟಿಕ್ಕರ್ ಸಾಕು.

ದೂರದೂರು ಮಸ್ಕತ್ · ಸಂಜೆ 7:10

ನಾನು ಮಸ್ಕತ್‌ನಲ್ಲಿದ್ದೇನೆ, ಅಕ್ಕ ಉಡುಪಿಯಲ್ಲಿ. ಇಬ್ಬರಿಗೂ ಬಟ್ಟೆ ಇಸ್ತ್ರಿ ಮಾಡುವುದೆಂದರೆ ಆಗುವುದಿಲ್ಲ. ಶುಕ್ರವಾರ ಇಲ್ಲಿ ರಜೆ. ಇಲ್ಲಿಯ ಎಂಟೂವರೆ ಅಂದರೆ ಅಲ್ಲಿ ಹತ್ತು ಗಂಟೆ. ಆಗ ವಿಡಿಯೊ ಕಾಲ್ ಹಾಕಿ ಫೋನನ್ನು ಗೋಡೆಗೆ ಒರಗಿಸಿಟ್ಟು ಇಬ್ಬರೂ ಅವರವರ ಬಟ್ಟೆ ಇಸ್ತ್ರಿ ಮಾಡುತ್ತೇವೆ. ಜಾಸ್ತಿ ಮಾತೂ ಇರುವುದಿಲ್ಲ. ಅವಳ ಮನೆಯ ಕುಕ್ಕರ್ ಸೀಟಿ ಕೇಳಿಸುತ್ತಿರುತ್ತದೆ. ಒಬ್ಬಳೇ ಇದ್ದಾಗ ಮೂರು ವಾರ ಬಿದ್ದಿರುವ ಬಟ್ಟೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಪುಣೆಯ ತಮ್ಮನನ್ನು ಹಾಗೆ ಕೂರಿಸಿಕೊಳ್ಳಿ. ಅವನು ಏನೂ ಮಾಡುವುದು ಬೇಡ, ಎದುರಿಗೆ ಇರಲಿ. ಅವನೂ ಮಗನೇ ತಾನೇ, ಅವನಿಗೂ ಇದು ಬೇಕಾಗಿರಬಹುದು.

ಕೀಲಿಮಣೆ · 7:32

ಇದು ಒಳ್ಳೆಯ ಉಪಾಯ. ನಮ್ಮ ಟೀಮಿನಲ್ಲೂ ಯಾರಿಗೂ ಬೇಡದ ಕೆಲಸವನ್ನು ಇಬ್ಬರು ಒಟ್ಟಿಗೆ ಕೂತು ಮಾಡುತ್ತೇವೆ. ವಿಡಿಯೊ ಬಗ್ಗೆ ನಾನು ಹೇಳಿದ್ದು ಮಾತ್ರ ಪೂರ್ತಿ ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಕೆಲಸ ಬಿಟ್ಟು ಐದು ತಿಂಗಳು ಮನೆಯಲ್ಲಿದ್ದಾಗ ಆ ವಿಡಿಯೊಗಳೇ ನನ್ನನ್ನು ಬೆಳಿಗ್ಗೆ ಎಬ್ಬಿಸಿದ್ದು.

ಸಪ್ತಾಪುರ ಮೂರನೇ ವರ್ಷ · 7:45

ಅಣ್ಣ, ಎಬ್ಬಿಸಿದ್ದರೆ ಅದು ನಿಮಗೆ ಕೆಲಸ ಮಾಡಿದೆ. ಮುಗಿದ ಕೂಡಲೇ ನೀವು ಎದ್ದಿರಿ, ನಾನು ಇನ್ನೊಂದು ಹಾಕಿದೆ. ವ್ಯತ್ಯಾಸ ಅಷ್ಟೇ ಇರಬೇಕು.

ಮಾನಸಗಂಗೋತ್ರಿ ಹಳಬ · 8:20

ವರದೆಯ ಕಡೆಯವರಿಗೆ ಇನ್ನೊಂದು ಮಾತು. "ಈ ವಾರ ಮಾಡುತ್ತೇನೆ" ಅನ್ನಬೇಡಿ. ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಅಂತ ಹೇಳಿಕೊಳ್ಳಿ. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಅವರ 1997ರ ಅಧ್ಯಯನವೊಂದಿದೆ. ಕ್ರಿಸ್‌ಮಸ್ ಹಿಂದಿನ ಸಂಜೆ ಹೇಗೆ ಕಳೆದಿರಿ ಅಂತ ಎರಡು ದಿನದೊಳಗೆ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದ್ದರು. ಹಬ್ಬದ ಗಡಿಬಿಡಿಯಲ್ಲಿ ಯಾರು ಬರೆಯುತ್ತಾರೆ ಹೇಳಿ. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆ ಅಂತ ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಬರೆದು ಕಳಿಸಿದರು. ಗೊತ್ತುಮಾಡಿಕೊಳ್ಳದವರಲ್ಲಿ ಮೂರನೇ ಒಂದು ಪಾಲು ಮಾತ್ರ. ಒಪ್ಪಿಕೊಂಡಿದ್ದು ಎರಡೂ ಕಡೆಯವರೂ ಹೌದು.

ವರದೆಯ ಕಡೆಯವಳು · ಗುರುವಾರ ರಾತ್ರಿ 10:05

ಎಲ್ಲರಿಗೂ ಹೇಳಬೇಕು ಅನ್ನಿಸಿತು.

"ನಾಳೆ ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ, ಅಲ್ಲೇ ಅಡುಗೆ ಮನೆಯ ಸ್ಟೂಲ್ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿ ಸರ್ವೆ ನಂಬರ್ ಕೇಳುತ್ತೇನೆ" ಅಂತ ಒಂದು ಚೀಟಿಯಲ್ಲಿ ಬರೆದು ಸಿಂಕ್ ಮೇಲೆ ಅಂಟಿಸಿದೆ. ನಂಬರ್ ಕೇಳುವುದಷ್ಟೇ ಕೆಲಸ. ಅಡಿಕೆಗೊನೆ ಅಣ್ಣ ಹೇಳಿದ್ದು ನಿಜ, ಅಮ್ಮ ಒಂದೇ ಉಸಿರಿಗೆ ಮೂರು ನಂಬರ್ ಹೇಳಿದರು. ತೋಟದ್ದು, ಗದ್ದೆಯದ್ದು, ಮನೆ ಹಿಂದಿನ ಬೆಟ್ಟದ್ದು. ಫೋನ್ ಇಡುವ ಮೊದಲು "ಊಟ ಆಯ್ತಾ?" ಅಂತ ಮೂರು ಸಲ ಕೇಳಿದರು. ಬಹಳ ದಿನದ ಮೇಲೆ ಅಮ್ಮನ ಧ್ವನಿ ಹಗುರ ಆಗಿತ್ತು.

ನಂಬರ್ ಸಿಕ್ಕ ಮೇಲೆ ಕೈ ತಾನಾಗೇ ಫೋನಿನಲ್ಲಿ ಪಹಣಿ ತೆರೆಯಿತು. ಅಪ್ಪನ ಹೆಸರು, ಅವರ ಅಪ್ಪನ ಹೆಸರು. ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಅಜ್ಜನ ಹೆಸರು ಹೋಗಿ ಅಪ್ಪನ ಹೆಸರು ಬಂದ ದಿನ ಅಪ್ಪನಿಗೂ ಹೀಗೇ ಆಗಿರಬೇಕು ಅಂತ ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಇವತ್ತು ತಮ್ಮನನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿಕೊಂಡು ವಂಶವೃಕ್ಷದ ಅರ್ಜಿಗೆ ಬೇಕಾದ ವಿವರ ಎಲ್ಲ ಬರೆದೆ. ಮಧ್ಯೆ ಅವನು ಅತ್ತ. ಅಕ್ಕನಿಗೆ ಬಿಟ್ಟಿದ್ದು ಕಾಗದ ಗೊತ್ತು ಅಂತಲ್ಲ, ನನಗೆ ಆಗುತ್ತಿರಲಿಲ್ಲ ಅಂದ. ನಾನು 14 ತಿಂಗಳಿಂದ ಒಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದೆ. ಮಸ್ಕತ್‌ನ ಅಕ್ಕ, ನಿಮಗೆ ವಿಶೇಷ ಧನ್ಯವಾದ.

ಬರುವ ವಾರ ಇಬ್ಬರೂ ಊರಿಗೆ ಹೋಗುತ್ತಿದ್ದೇವೆ. ಚೀಲ ಬೀರುವಿನ ಮೇಲೇ ಇದೆ.

ಹೊಲಿಗೆಮನೆ, ದಾವಣಗೆರೆ · 10:14

ಇರಲಿ ಬಿಡು ತಂಗಿ. ಅಮ್ಮನಿಗೆ ಒಂದು ಒಳ್ಳೆಯ ಬ್ಲೌಸ್ ಪೀಸ್ ತೆಗೆದುಕೊಂಡು ಹೋಗು.

ನಿವೃತ್ತ ಮೇಷ್ಟ್ರು, ಅರಕಲಗೂಡು · 10:20

ಒಳ್ಳೆಯದಾಗಲಿ ತಾಯಿ. ತಮ್ಮನಿಗೂ ನನ್ನ ಆಶೀರ್ವಾದ ತಿಳಿಸಿ.

ಅಡಿಕೆಗೊನೆ · 10:33

ಹೊರಡುವ ಮೊದಲು ಮೂವರ ಆಧಾರ್‌ನ ಎರಡೆರಡು ಜೆರಾಕ್ಸ್ ಮಾಡಿಸಿಕೊಳ್ಳಿ. ಆಧಾರ್‌ನಲ್ಲಿ ಇರುವ ಹೆಸರು, ಇನಿಷಿಯಲ್ ಬೇರೆ ಬೇರೆ ಇದ್ದರೆ ಈಗಲೇ ನೋಡಿಟ್ಟುಕೊಳ್ಳಿ, ನಮಗೆ ಅಲ್ಲೇ ಒಂದು ವಾರ ಹೋಯಿತು. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಸರ್ವರ್ ನಿಧಾನ ಆಗುತ್ತದೆ. ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರ ಸಹಿ ಬೇಕಾಗುತ್ತದೆ.

ವರದೆಯ ಕಡೆಯವಳು · 10:41

ಅಮ್ಮನ ಆಧಾರ್‌ನಲ್ಲಿ ಇನಿಷಿಯಲ್ ಬೇರೆ ಇದೆ ಅಣ್ಣ. ಈಗ ತೆಗೆದು ನೋಡಿದೆ. ಅದಕ್ಕೆ ಏನು ಮಾಡಬೇಕು?

ಅಡಿಕೆಗೊನೆ · 10:44

ಗಾಬರಿ ಬೇಡ. ನಾಳೆ ಬೆಳಿಗ್ಗೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಬರುವ ಮೊದಲು ಎಲ್ಲ ವಿವರವಾಗಿ ಬರೆಯುತ್ತೇನೆ.